ಹ್ಯಾಂಡ್ ಬ್ರೇಕ್ ಒಂದನ್ನೇ ನಂಬಿ ಕಾರಿನಿಂದ ಇಳಿಯಬೇಡಿ

ಕಳೆದ ರಜೆಯಲ್ಲಿ ಮನೆಯವರೆಲ್ಲ ಸೇರಿ ಏರ್ವಾಡಿಗೆ ಹೊರಟಿದ್ದೆವು. ಬೆಳಗ್ಗೆ ಹೊಸೂರು ದಾಟಿ, ಶೂಳಗಿರಿ ಹತ್ತಿರ ಹೆದ್ದಾರಿ ಬದಿಯ ಚಹಾದಂಗಡಿ ಎದುರು ಭಾವ ಕಾರು ನಿಲ್ಲಿಸಿದರು. ಅಕ್ಕನ ಆರು ವರ್ಷದ ಮಗ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ. ಎಬ್ಬಿಸುವುದು ಬೇಡ ಎಂದು ಉಳಿದವರೆಲ್ಲ ಇಳಿದು ಚಹಾ ಹೇಳಿದೆವು. ಭಾವ ಬಿಸ್ಕೆಟ್ ತೆಗೆಯಲು ಹಿಂದಿನ ಬಾಗಿಲು ತೆರೆದು ದಬ್ಬನೆ ಮುಚ್ಚಿದ್ದೇ ತಡ, ಕಾರು ನಿಧಾನಕ್ಕೆ ಹೊರಟಿತು.

ಭಾವ ಓಡಿ ಹೋಗಿ ಮುಂದೆ ನಿಂತು ಬಾನೆಟಿಗೆ ಎರಡೂ ಕೈ ಕೊಟ್ಟರು. ಅಂಗಡಿಯಲ್ಲಿ ಕೂತಿದ್ದ ಲಾರಿ ಚಾಲಕರೊಬ್ಬರು “ಮುಂದೆ ನಿಲ್ಬೇಡಿ, ಪಕ್ಕಕ್ಕೆ ಬನ್ನಿ!” ಎಂದು ಕನ್ನಡದಲ್ಲೇ ಕೂಗಿದರು. ಕೂಗುತ್ತಲೇ ಕಾಲ ಬಳಿಯಿದ್ದ ಕಲ್ಲೊಂದನ್ನು ಬದಿಯಿಂದ ಮುಂದಿನ ಚಕ್ರದಡಿಗೆ ದೂಡಿದರು. ಚಕ್ರ ಕಲ್ಲಿನ ಮೇಲೆ ಹತ್ತಲು ನೋಡಿ ನಿಂತಿತು. ಹೆದ್ದಾರಿಯ ಬಿಳಿ ಗೆರೆಗೆ ಎರಡು ಮಾರು ಉಳಿದಿರಬಹುದು. ಹುಡುಗನಿಗೆ ಎಚ್ಚರವೇ ಆಗಿರಲಿಲ್ಲ.

“ಹ್ಯಾಂಡ್ ಬ್ರೇಕ್ ಹಾಕಿದ್ದೆ ಮಾರಾಯ್ರೆ” ಎಂದು ಭಾವ ಹತ್ತು ಸಲ ಹೇಳಿದರು. ಸುಳ್ಳಲ್ಲ, ಹಾಕಿದ್ದರು. ಆದರೆ ಲಿವರ್ ಮೂರು ಹಲ್ಲು ಮಾತ್ರ ಮೇಲೆ ಬಂದಿತ್ತು, ಗೇರ್ ನ್ಯೂಟ್ರಲ್‌ನಲ್ಲಿತ್ತು.

ಆ ಜಾಗ ನೋಡಿದರೆ ಇಳಿಜಾರು ಎಂದು ಯಾರಿಗೂ ಅನಿಸುವುದಿಲ್ಲ. ಚಾರ್ಮಾಡಿ, ಶಿರಾಡಿ ಹತ್ತಿ ಇಳಿದವರಿಗೆ ಅದು ಬಯಲೇ. ಆದರೆ ಹೊಸೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಐವತ್ತು ಕಿಲೋಮೀಟರ್ ಆಚೆಯ ಕೃಷ್ಣಗಿರಿ ಸುಮಾರು 500 ಮೀಟರಿನಲ್ಲಿದೆ. ಅಂದರೆ ಆರು ಪಥದ ಹೆದ್ದಾರಿಯಲ್ಲಿ ಗೊತ್ತೇ ಆಗದಂತೆ ನಾವು 400 ಮೀಟರ್ ಕೆಳಗಿಳಿಯುತ್ತೇವೆ. ಇಂಥ ಕಣ್ಣಿಗೆ ಕಾಣದ ಇಳಿಜಾರೇ ಹೆಚ್ಚು ಅಪಾಯ. ಘಾಟಿಯಲ್ಲಾದರೆ ಎಲ್ಲರೂ ಹೆದರಿ ಕಲ್ಲು ಕೊಡುತ್ತಾರೆ, ಇಲ್ಲಿ ಯಾರೂ ಕೊಡುವುದಿಲ್ಲ.

ಗಾಳಿ ಸರಿಯಾಗಿರುವ ಟಯರು ಡಾಂಬರಿನ ಮೇಲೆ ಉರುಳಲು, ಐವತ್ತು ಅಡಿಗೆ ಒಂದು ಅಡಿ ಇಳಿದರೂ ಸಾಕು. ಹತ್ತು ಅಡಿಗೆ ಒಂದು ಅಡಿ ಇಳಿಯುವ ಜಾಗದಲ್ಲಿ 1,200 ಕಿಲೋ ತೂಕದ ಕಾರನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 120 ಕಿಲೋ ಭಾರದಷ್ಟು. ತಡೆಯಿಲ್ಲದೆ ಬಿಟ್ಟರೆ ಐದು ಸೆಕೆಂಡಿನಲ್ಲಿ ಹತ್ತು ಮೀಟರ್ ಹೋಗಿ ಗಂಟೆಗೆ 15 ಕಿಲೋಮೀಟರ್ ವೇಗ ಪಡೆಯುತ್ತದೆ. ಎಷ್ಟೇ ಗಟ್ಟಿಗನಾದರೂ ಅದರ ಎದುರು ನಿಂತು ತಡೆಯಲಾರ. ಕಾರು ಮತ್ತು ಗೋಡೆಯ ನಡುವೆ ಸಿಕ್ಕಿದರೆ ಜೀವವೇ ಹೋಗುತ್ತದೆ.

ಹ್ಯಾಂಡ್ ಬ್ರೇಕ್ ಯಾಕೆ ಕೈಕೊಡುತ್ತದೆ? ಲಿವರ್ ಇರುವ ಹೆಚ್ಚಿನ ಕಾರುಗಳಲ್ಲಿ ಅದು ಒಂದು ಉಕ್ಕಿನ ಕೇಬಲ್ ಮೂಲಕ ಹಿಂದಿನ ಎರಡು ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಕೇಬಲ್ ವರ್ಷ ಕಳೆದಂತೆ ಸಡಿಲವಾಗುತ್ತದೆ, ಒಳಗಿನ ಲೈನರ್ ಸವೆಯುತ್ತದೆ. ಆಗ ಲಿವರ್ ಮೊದಲಿನಷ್ಟೇ ಮೇಲೆ ಬಂದರೂ ಹಿಡಿತ ಕಡಿಮೆ. ಹಿಂದೆ ಡಿಸ್ಕ್ ಬ್ರೇಕ್ ಇರುವ ಗಾಡಿಗಳಲ್ಲಿ ಇನ್ನೊಂದು ಸಮಸ್ಯೆ ಇದೆ. ದೀರ್ಘ ಇಳಿತದಲ್ಲಿ ಬ್ರೇಕ್ ಕಾದು ಡಿಸ್ಕ್ ಹಿಗ್ಗಿರುತ್ತದೆ. ನಿಲ್ಲಿಸಿದ ಮೇಲೆ ಅದು ತಣ್ಣಗಾಗಿ ಕುಗ್ಗುತ್ತದೆ, ಪ್ಯಾಡಿನ ಬಿಗಿ ಸಡಿಲವಾಗುತ್ತದೆ. ಕಾರು ಹತ್ತು ನಿಮಿಷ ಗಟ್ಟಿಯಾಗಿ ನಿಂತು ಆಮೇಲೆ ಹೊರಡುವುದು ಹೀಗೆ. ಜನ ಅದನ್ನು ಜಿನ್ನಿನ ಕಾಟ ಎಂದು ಕಥೆ ಕಟ್ಟುವುದೂ ಉಂಟು!

ಗೇರ್ ಒಂದನ್ನೇ ನಂಬುವುದೂ ಸಾಲದು. ಗೇರ್‌ನಲ್ಲಿ ಬಿಟ್ಟಾಗ ಚಕ್ರವನ್ನು ಹಿಡಿಯುವುದು ಎಂಜಿನ್ನಿನೊಳಗೆ ಒತ್ತಲ್ಪಡುವ ಗಾಳಿ. ಹಳೆಯ ಎಂಜಿನ್ನಿನಲ್ಲಿ ಆ ಗಾಳಿ ಸೋರುತ್ತದೆ, ಕಾರು ಒಂದೊಂದೇ ಹೆಜ್ಜೆ ಇಟ್ಟಂತೆ ಜಾರುತ್ತದೆ. ಆದ್ದರಿಂದ ಎರಡೂ ಬೇಕು. ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಗೇರ್ ಮುಂದಿನ ಎರಡನ್ನು, ಹ್ಯಾಂಡ್ ಬ್ರೇಕ್ ಹಿಂದಿನ ಎರಡನ್ನು ಹಿಡಿದರೆ ನಾಲ್ಕೂ ಚಕ್ರ ಕಟ್ಟಿಹಾಕಿದಂತೆ.

ಮಾಡುವ ಕ್ರಮ ಮುಖ್ಯ. ಕಾಲಿನ ಬ್ರೇಕ್ ಪೂರ್ತಿ ಒತ್ತಿ ಹಿಡಿದು ನ್ಯೂಟ್ರಲ್‌ಗೆ ತನ್ನಿ. ಹ್ಯಾಂಡ್ ಬ್ರೇಕ್ ಚೆನ್ನಾಗಿ ಎಳೆಯಿರಿ. ಈಗ ಕಾಲನ್ನು ಮೆಲ್ಲಗೆ ತೆಗೆಯಿರಿ. ಕಾರು ಕದಲಿದರೆ ನಿಮ್ಮ ಹ್ಯಾಂಡ್ ಬ್ರೇಕ್‌ಗೆ ಆ ಜಾಗ ಹಿಡಿಯುವ ತಾಕತ್ತಿಲ್ಲ ಎಂದು ಅಲ್ಲೇ, ನೀವು ಒಳಗಿರುವಾಗಲೇ ಗೊತ್ತಾಗುತ್ತದೆ. ನಿಂತರೆ ಎಂಜಿನ್ ಆಫ್ ಮಾಡಿ ಗೇರ್ ಹಾಕಿ. ಮುಂಭಾಗ ಏರಿಗೆ ಮುಖ ಮಾಡಿದ್ದರೆ ಫಸ್ಟ್, ಇಳಿಜಾರಿಗೆ ಮುಖ ಮಾಡಿದ್ದರೆ ರಿವರ್ಸ್. ಬಹುಮಂದಿ ಕಾಲು ತೆಗೆದು ನೋಡುವ ಹಂತವನ್ನೇ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ಕ್ರಮದಲ್ಲಿ ಅದೇ ಮುಖ್ಯ.

ಗೇರ್‌ನಲ್ಲಿ ಬಿಟ್ಟ ಕಾರನ್ನು ಮತ್ತೆ ಸ್ಟಾರ್ಟ್ ಮಾಡುವಾಗ ಕ್ಲಚ್ ಒತ್ತಲೇಬೇಕು. ಹೊರಗೆ ನಿಂತು ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ, ಎಸಿ ತಣ್ಣಗಾಗಲಿ ಎಂದು. ಕಾರು ಎಗರಿ ಎದುರಿದ್ದವರ ಮೇಲೆ ಹೋದೀತು. ಕೀಯನ್ನು ಬೇರೆಯವರ ಕೈಗೆ ಕೊಡುವಾಗ “ಗೇರ್‌ನಲ್ಲಿದೆ” ಎಂದು ಬಾಯಿಬಿಟ್ಟು ಹೇಳಿ.

ಆಟೊಮ್ಯಾಟಿಕ್ ಕಾರಿನವರು ‘ಪಿ’ಗೆ ಹಾಕಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ‘ಪಿ’ಯಲ್ಲಿ ಕಾರನ್ನು ಹಿಡಿಯುವುದು ಗೇರ್ ಬಾಕ್ಸ್ ಒಳಗಿನ ಬೆರಳಿನಷ್ಟು ದೊಡ್ಡ ಕೊಕ್ಕೆ. ಇಲ್ಲೂ ಮೊದಲು ಹ್ಯಾಂಡ್ ಬ್ರೇಕ್, ಕಾಲು ತೆಗೆದು ನೋಡಿ, ಮತ್ತೆ ಬ್ರೇಕ್ ಒತ್ತಿ ‘ಪಿ’. ಹೊರಡುವಾಗ ‘ಪಿ’ಯಿಂದ ತೆಗೆದಾಗ ಕಟಕ್ ಎಂದು ಜೋರು ಸದ್ದು ಬರುತ್ತದೆಯಾದರೆ ಇಡೀ ಕಾರಿನ ಭಾರ ಆ ಕೊಕ್ಕೆಯ ಮೇಲಿತ್ತು ಎಂದರ್ಥ. ಬಟನ್ ಒತ್ತುವ ಎಲೆಕ್ಟ್ರಾನಿಕ್ ಬ್ರೇಕ್ ಇದ್ದರೆ ಮೀಟರಿನಲ್ಲಿ ಕೆಂಪು ದೀಪ ಬಂದಿದೆಯೇ ನೋಡಿ. ‘ಆಟೊ ಹೋಲ್ಡ್’ ಸಿಗ್ನಲ್‌ನಲ್ಲಿ ನಿಲ್ಲಲು ಇರುವುದು, ಬಿಟ್ಟು ಹೋಗಲು ಅಲ್ಲ.

‘ಪಿ’ಗೆ ಬಿದ್ದಿದೆ ಎಂಬ ನಂಬಿಕೆಯೇ ಮೋಸ ಮಾಡುವುದುಂಟು. ಹಾಲಿವುಡ್ ನಟ ಆ್ಯಂಟನ್ ಯೆಲ್ಚಿನ್ 2016ರ ಜೂನ್‌ನಲ್ಲಿ ಲಾಸ್ ಏಂಜಲೀಸಿನ ತನ್ನ ಮನೆಯ ಇಳಿಜಾರು ದಾರಿಯಲ್ಲಿ ತನ್ನದೇ ಜೀಪ್ ಹಿಂದಕ್ಕೆ ಉರುಳಿ ಕಂಬಕ್ಕೆ ಒತ್ತಿದ್ದರಿಂದ ಸತ್ತ. ವಯಸ್ಸು 27. ಆ ಮಾದರಿಯ ಗೇರ್ ಲಿವರ್ ಪ್ರತಿ ಸಲ ನಡುವಿನ ಜಾಗಕ್ಕೇ ಮರಳುತ್ತಿತ್ತು, ‘ಪಿ’ಗೆ ಬಿದ್ದಿದೆಯೋ ಇಲ್ಲವೋ ಕೈಗೆ ತಿಳಿಯುತ್ತಿರಲಿಲ್ಲ. ಎರಡು ತಿಂಗಳ ಹಿಂದಷ್ಟೇ ಕಂಪೆನಿ ಅದೇ ಕಾರಣಕ್ಕೆ 11 ಲಕ್ಷ ಗಾಡಿಗಳನ್ನು ವಾಪಸ್ ಕರೆದಿತ್ತು.

ಮೂರನೆಯ ರಕ್ಷಣೆ ಸ್ಟೀರಿಂಗ್. ಎರಡೂ ಹಿಡಿತ ತಪ್ಪಿದರೂ ಕಾರು ಎಲ್ಲಿಗೆ ಹೋಗಬೇಕು ಎಂದು ಮೊದಲೇ ತೀರ್ಮಾನಿಸುವುದು. ನಮ್ಮಲ್ಲಿ ಎಡಬದಿಯಲ್ಲಿ ನಿಲ್ಲಿಸುತ್ತೇವೆ. ಇಳಿಜಾರಿಗೆ ಮುಖವಿದ್ದರೆ ಚಕ್ರ ಎಡಕ್ಕೆ ತಿರುಗಿರಲಿ, ಉರುಳಿದರೆ ರಸ್ತೆಗೆ ಬರುವುದಿಲ್ಲ. ಏರಿಗೆ ಮುಖವಿದ್ದು ಪಕ್ಕದಲ್ಲಿ ಫುಟ್‌ಪಾತ್ ಅಂಚಿನ ಕಲ್ಲಿದ್ದರೆ ಬಲಕ್ಕೆ ತಿರುಗಿಸಿ, ಹಿಂದೆ ಸರಿದರೆ ಟಯರು ಆ ಕಲ್ಲಿಗೆ ತಾಗಿ ನಿಲ್ಲುತ್ತದೆ. ಅಂಚಿನ ಕಲ್ಲಿಲ್ಲದಿದ್ದರೆ ಎಡಕ್ಕೆ. ಹೊಸೂರಿನ ಚಂದ್ರಚೂಡೇಶ್ವರ ಬೆಟ್ಟದ ರಸ್ತೆಗೆ, ಕೃಷ್ಣಗಿರಿ ಕೋಟೆ ಬೆಟ್ಟದ ಬುಡದ ಓಣಿಗಳಿಗೆ ಇದು ಸರಿ. ಆದರೆ ಅಂಚೆಟ್ಟಿ ಕಡೆಯ ಗುಡ್ಡಗಾಡಿನಲ್ಲಿ ಎಡಕ್ಕೆ ಪ್ರಪಾತವಿದ್ದರೆ ಈ ಲೆಕ್ಕ ನಡೆಯದು. ಅಲ್ಲಿ ನಿಲ್ಲಿಸದಿರುವುದೇ ಒಳ್ಳೆಯದು.

ಕಾನೂನೂ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮಿನ ಪ್ರಕಾರ, ಲೈಸೆನ್ಸ್ ಇರುವವರು ಚಾಲಕನ ಸೀಟಿನಲ್ಲಿ ಇಲ್ಲದಿದ್ದರೆ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು, ಇಲ್ಲವೇ ಗಾಡಿ ತಾನಾಗಿ ಚಲಿಸದಂತೆ ಬೇರೆ ವ್ಯವಸ್ಥೆ ಮಾಡಿರಬೇಕು.

ಪಂಕ್ಚರ್ ಆದಾಗ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಹಿಂದಿನ ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿದ ಕೂಡಲೇ ಹ್ಯಾಂಡ್ ಬ್ರೇಕ್ ಹಿಡಿಯುವುದು ಉಳಿದ ಒಂದೇ ಚಕ್ರವನ್ನು. ಮುಂದಿನದನ್ನು ಎತ್ತಿದರೆ ಆ ಸಣ್ಣ ಕಾರುಗಳಲ್ಲಿ ಗೇರ್ ಕೆಲಸಕ್ಕೇ ಬರುವುದಿಲ್ಲ, ಗಾಳಿಯಲ್ಲಿರುವ ಚಕ್ರ ತಿರುಗಿ ಇನ್ನೊಂದನ್ನು ಬಿಟ್ಟುಕೊಡುತ್ತದೆ. ಹಾಗಾಗಿ ಜಾಕ್ ಕೊಡುವ ಮೊದಲೇ ಕರ್ಣದ ಆಚೆ ತುದಿಯ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ, ಒಳಗಿರುವವರನ್ನೆಲ್ಲ ಇಳಿಸಿ. ಬಡಗಿಯ ಹತ್ತಿರ ಇಳಿಜಾರಾಗಿ ಕೊಯ್ಸಿದ ಎರಡು ಮರದ ತುಂಡು ಡಿಕ್ಕಿಯಲ್ಲಿದ್ದರೆ ಕಲ್ಲು ಹುಡುಕುವುದು ಬೇಡ.

ಕಲ್ಲು ಕೊಟ್ಟವರು ಹೊರಡುವಾಗ ಅದನ್ನು ರಸ್ತೆಯಲ್ಲೇ ಬಿಟ್ಟು ಹೋಗುವುದು ನಮ್ಮ ಹೆದ್ದಾರಿಗಳ ದೊಡ್ಡ ಕೆಟ್ಟ ಚಾಳಿ. ರಾತ್ರಿ ಬೈಕಿನಲ್ಲಿ ಬರುವವನಿಗೆ ಅದು ಕಾಣಿಸದು. ಶೂಳಗಿರಿಯ ಆ ಚಾಲಕರು ನಾವು ಕಾರು ಹಿಂದೆ ತೆಗೆದ ಕೂಡಲೇ ಕಲ್ಲನ್ನು ತಾವೇ ಎತ್ತಿ ಚರಂಡಿಯ ಆಚೆ ಎಸೆದರು, ಚಹಾದ ದುಡ್ಡು ಕೊಡಲೂ ನಮ್ಮನ್ನು ಬಿಡಲಿಲ್ಲ.

ಊರಿಗೆ ಬಂದ ಮೇಲೆ ಭಾವ ಗ್ಯಾರೇಜಿಗೆ ಹೋದರು. ಕೇಬಲ್ ಪೂರ್ತಿ ಸಡಿಲವಾಗಿತ್ತು, ಹತ್ತು ಹಲ್ಲು ಎಳೆದರೆ ಮಾತ್ರ ಹಿಡಿಯುತ್ತಿತ್ತು. ಈಗ ಆರಕ್ಕೆ ಹಿಡಿಯುತ್ತದೆ. ಮಗನನ್ನು ಕಾರಿನಲ್ಲಿ ಒಬ್ಬನೇ ಬಿಟ್ಟು ಇಳಿಯಲು ಅಕ್ಕ ಆಮೇಲೆ ಒಪ್ಪಿಲ್ಲ.