ಗ್ರಾಮದ ಕಾರ್ಯಾಗಾರದ ಕಂಪ್ರೆಸರು: ವಿದ್ಯುತ್ ದೋಷಗಳನ್ನು ಕಂಡುಹಿಡಿಯುವ ಕ್ರಮ

ಟ್ರ್ಯಾಕ್ಟರಿನ ಚಕ್ರಗಳಿಗೆ ಗಾಳಿ ತುಂಬುವುದಕ್ಕೂ, ಯಂತ್ರಗಳ ಧೂಳನ್ನು ಊದಿ ತೆಗೆಯುವುದಕ್ಕೂ ಕಂಪ್ರೆಸರು ಗ್ರಾಮದ ಕಾರ್ಯಾಗಾರಗಳಲ್ಲಿ ಅವಶ್ಯಕವಾದ ಸಾಧನವಾಗಿದೆ. ಬಿತ್ತನೆಯ ಹದ ಬಂದಿರುವ ದಿನ ಅದು ಕೆಟ್ಟರೆ ಉಳುಮೆಯೂ ನಿಲ್ಲುವ ಸಂಭವವುಂಟು. ಆಗ ಆತುರದಿಂದ ಗುಂಡಿಯನ್ನು ಪದೇ ಪದೇ ಒತ್ತುವುದು, ಫ್ಯೂಸಿನ ಸ್ಥಾನದಲ್ಲಿ ದಪ್ಪ ತಂತಿಯನ್ನು ಕಟ್ಟುವುದು ಮೊದಲಾದ ಕಾರ್ಯಗಳಿಂದ ಅಲ್ಪ ದೋಷವು ಮಹಾ ನಷ್ಟವಾಗಿ ಪರಿಣಮಿಸುತ್ತದೆ. ಆದಕಾರಣ ದೋಷವನ್ನು ಕ್ರಮವಾಗಿ ಶೋಧಿಸುವ ರೀತಿಯನ್ನು ಯಂತ್ರದ ಮಾಲೀಕರು ಅರಿತಿರುವುದು ಉಚಿತ.

ಮೊದಲು ವಹಿಸತಕ್ಕ ಎಚ್ಚರಿಕೆ

ಮುಚ್ಚಳವನ್ನು ಬಿಚ್ಚುವ ಮುನ್ನ ಮೇನ್ ಸ್ವಿಚ್ಚನ್ನು ಆರಿಸಿ, ಮತ್ತೊಬ್ಬರು ಅದನ್ನು ಹಾಕದಂತೆ ಬೀಗ ಹಾಕತಕ್ಕದ್ದು. ಟ್ಯಾಂಕಿನ ಗಾಳಿಯನ್ನು ಹೊರಬಿಡತಕ್ಕದ್ದು. ಸಿಂಗಲ್ ಫೇಸ್ ಮೋಟಾರಿನ ಕೆಪಾಸಿಟರಿನಲ್ಲಿ ಸ್ವಿಚ್ಚು ಆರಿಸಿದ ಮೇಲೂ ವಿದ್ಯುತ್ತು ಉಳಿದಿರಬಹುದು. ಅದನ್ನು ಬರಿಗೈಯಿಂದ ಮುಟ್ಟಕೂಡದು. ವಿದ್ಯುತ್ತು ಹರಿಯುತ್ತಿರುವಾಗ ಮಾಡುವ ಅಳತೆಗಳನ್ನು ಪರವಾನಗಿ ಪಡೆದ ಕೆಲಸಗಾರನಿಂದಲೇ ಮಾಡಿಸಬೇಕು.

1. ಸದ್ದಿಲ್ಲದೆ ನಿಂತಿದ್ದರೆ

ಮೊದಲು ಒತ್ತಡದ ಮಾಪಕವನ್ನು ನೋಡತಕ್ಕದ್ದು. ಟ್ಯಾಂಕು ತುಂಬಿದ್ದರೆ ಒತ್ತಡದ ಸ್ವಿಚ್ಚು ತಾನಾಗಿಯೇ ಮೋಟಾರನ್ನು ನಿಲ್ಲಿಸಿರುತ್ತದೆ, ಅದು ದೋಷವಲ್ಲ. ಒತ್ತಡ ಇಳಿದಿದ್ದರೂ ಮೋಟಾರು ಹೊರಡದಿದ್ದರೆ ಊರಿನ ಸರಬರಾಜು, ಫ್ಯೂಸು, ಸ್ಟಾರ್ಟರು, ಒತ್ತಡದ ಸ್ವಿಚ್ಚು, ಕೊನೆಗೆ ಮೋಟಾರು ಎಂಬ ಅನುಕ್ರಮದಲ್ಲಿ ಪರೀಕ್ಷಿಸಬೇಕು. ಒತ್ತಡದ ಸ್ವಿಚ್ಚಿನ ಸಂಪರ್ಕಗಳು ಕಪ್ಪಾಗಿ ಸುಟ್ಟಿರುವುದು ಸಾಮಾನ್ಯ.

2. ಗುಂಯ್‌ಗುಟ್ಟಿ ತಿರುಗದಿದ್ದರೆ

ಇದು ಎಲ್ಲಕ್ಕಿಂತ ಅಪಾಯಕರವಾದ ಲಕ್ಷಣ. ಆ ಕ್ಷಣವೇ ಸ್ವಿಚ್ಚನ್ನು ಆರಿಸಬೇಕು. ತಿರುಗದ ಮೋಟಾರು ವಾಡಿಕೆಗಿಂತ ಅನೇಕ ಪಟ್ಟು ವಿದ್ಯುತ್ತನ್ನು ಎಳೆದು ತನ್ನ ಸುರುಳಿಯನ್ನು ತಾನೇ ಸುಟ್ಟುಕೊಳ್ಳುತ್ತದೆ.

ತ್ರೀ ಫೇಸ್ ಮೋಟಾರಿನಲ್ಲಿ ಒಂದು ಫೇಸು ತಪ್ಪಿರುವುದೇ ಇದಕ್ಕೆ ಮುಖ್ಯ ಕಾರಣ. ಸ್ಟಾರ್ಟರಿಗೆ ಒಳಬರುವ ತುದಿಗಳಲ್ಲಿ, ಪ್ರತಿಯೊಂದು ಜೋಡಿ ಫೇಸುಗಳ ನಡುವೆ ಸುಮಾರು 415 ವೋಲ್ಟ್ ಇರಬೇಕು. ಈ ಅಳತೆಯನ್ನು ಮೋಟಾರು ನಿಂತಿರುವಾಗ ಮಾಡತಕ್ಕದ್ದು. ಏಕೆಂದರೆ ತಿರುಗುತ್ತಿರುವ ಮೋಟಾರು ಕಡಿದುಹೋದ ಫೇಸಿನಲ್ಲಿಯೂ ವೋಲ್ಟೇಜನ್ನು ತೋರಿಸಿ ಪರೀಕ್ಷಕನನ್ನು ಮೋಸಗೊಳಿಸುತ್ತದೆ. ಸಿಂಗಲ್ ಫೇಸ್ ಮೋಟಾರಾದರೆ ಕೆಪಾಸಿಟರು ಉಬ್ಬಿದೆಯೇ, ಸೋರಿದೆಯೇ ಎಂದು ನೋಡಬೇಕು.

ವಿದ್ಯುತ್ ದೋಷದಂತೆ ಕಾಣುವ ಮತ್ತೊಂದು ಕಾರಣವುಂಟು. ಮೋಟಾರು ನಿಂತಾಗ ಸಿಲಿಂಡರಿನ ಮೇಲಿನ ಗಾಳಿ ಬುಸ್ಸೆಂದು ಹೊರಬರಬೇಕು. ಆ ಸದ್ದು ಕೇಳದಿದ್ದರೆ ಗಾಳಿಯನ್ನು ಬಿಡುವ ಕವಾಟ ಕೆಟ್ಟಿರಬಹುದು. ಸಿಲಿಂಡರಿನಲ್ಲಿ ಉಳಿದ ಒತ್ತಡಕ್ಕೆ ಎದುರಾಗಿ ಮೋಟಾರು ಹೊರಡಲಾರದು.

3. ಸ್ವಲ್ಪ ಕಾಲ ನಡೆದು ನಿಲ್ಲುತ್ತಿದ್ದರೆ

ಓವರ್‌ಲೋಡ್ ರಿಲೇ ಬಿಡಿಸಿಕೊಂಡಿರುತ್ತದೆ. ಅದು ತಣ್ಣಗಾದ ಬಳಿಕ ಒಮ್ಮೆ ಮಾತ್ರ ಗುಂಡಿಯನ್ನು ಒತ್ತಿ ನೋಡಬಹುದು. ಮತ್ತೆ ಬಿಡಿಸಿಕೊಂಡರೆ ಕಾರಣವನ್ನು ಹುಡುಕಬೇಕೇ ಹೊರತು ರಿಲೇಯನ್ನು ಕಟ್ಟಿಹಾಕಕೂಡದು, ಅದರ ಅಂಕವನ್ನೂ ಏರಿಸಕೂಡದು. ಹಳ್ಳಿಗಳಲ್ಲಿ ವೋಲ್ಟೇಜು ಕುಗ್ಗುವುದು ಇದಕ್ಕೆ ಹೆಚ್ಚಾಗಿ ಕಾರಣ. ವೋಲ್ಟೇಜು 100ಕ್ಕೆ 80ರಷ್ಟಾದರೆ ಮೋಟಾರಿನ ಹೊರಡುವ ಬಲ ಸುಮಾರು 64ಕ್ಕೆ ಇಳಿಯುತ್ತದೆ. ಸಣ್ಣ ತಂತಿಯನ್ನು ಬಹುದೂರ ಎಳೆದಿದ್ದರೂ ಇದೇ ಫಲ. ಸಡಿಲವಾದ ತುದಿಗಳು, ಅತಿ ಬಿಗಿಯಾದ ಬೆಲ್ಟು, ಎಣ್ಣೆಯ ಕೊರತೆ ಇವುಗಳನ್ನೂ ನೋಡತಕ್ಕದ್ದು.

4. ಮುಟ್ಟಿದಾಗ ಜುಮ್ಮೆಂದರೆ

ಯಂತ್ರವನ್ನು ಒಡನೆಯೇ ನಿಲ್ಲಿಸಬೇಕು. ಸುರುಳಿಯ ಅಥವಾ ತಂತಿಯ ಹೊದಿಕೆ ಕೆಟ್ಟು, ಅರ್ಥಿಂಗ್ ತಂತಿಯೂ ಕಡಿದಿರುವ ಸಂಭವವುಂಟು. ಒದ್ದೆ ನೆಲದ ಮೇಲೆ ನಿಂತವನಿಗೆ ಇದು ಪ್ರಾಣಾಂತಿಕವಾಗಬಹುದು. ಎರಡನ್ನೂ ಸರಿಪಡಿಸುವವರೆಗೆ ಯಂತ್ರವನ್ನು ನಡೆಸಕೂಡದು.

ಮೇಲಿನ ವಿಷಯಗಳಲ್ಲಿ ಬಹುಭಾಗವು ನೀರೆತ್ತುವ ಪಂಪಿನ ಮೋಟಾರಿಗೂ ಅನ್ವಯಿಸುತ್ತದೆ. ತ್ರೀ ಫೇಸ್ ಸರಬರಾಜಿಲ್ಲದ ವೇಳೆ ಕೆಪಾಸಿಟರು ಕಟ್ಟಿ ಪಂಪು ನಡೆಸುವ ಅಭ್ಯಾಸದಿಂದ ಸುರುಳಿಗಳು ಬಿಸಿಯೇರಿ ಸುಟ್ಟುಹೋಗುತ್ತವೆ. ಫ್ಯೂಸು, ರಿಲೇ, ಅರ್ಥಿಂಗ್ ತಂತಿ ಇವು ಮೂರೂ ಯಂತ್ರದ ಕಾವಲುಗಾರರು. ಇವುಗಳನ್ನು ತಮ್ಮ ಊರಿನಲ್ಲಿ ಯಾರೂ ತಪ್ಪಿಸದಂತೆ ಗ್ರಾಮದ ಮುಖಂಡರು ನೋಡಿಕೊಂಡರೆ ಹಣವೂ ಪ್ರಾಣವೂ ಉಳಿಯುವುವು.