ಆಟದ ಪೆಟ್ಟಿಗೆಗೂ ಜಾಗ ಸಾಲದಾಯಿತು

"ಜಾಗ ಸಾಲದು" ಎಂಬ ಮಾತು ಮುಂಬಯಿಯ ಕನ್ನಡಿಗರಿಗೆ ಹೊಸದಲ್ಲ. ಫೋರ್ಟಿನ ಹೊಟೇಲುಗಳ ಅಟ್ಟದ ಮೇಲೆ ಹತ್ತು ಮಂದಿಯೊಡನೆ ಚಾಪೆ ಹಾಸಿ ಮಲಗಿದವರು, ಡೊಂಬಿವಲಿಯ ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದವರು, ಊರಿನಿಂದ ಬಂದ ನೆಂಟರಿಗೆ ಅಡಿಗೆಮನೆಯಲ್ಲಿ ಹಾಸಿಗೆ ಬಿಚ್ಚಿದವರು, ಹೀಗೆ ಎಷ್ಟೋ ಮಂದಿ ಆ ಮಾತನ್ನು ಆಡಿಯೇ ಖಾಡಿ ದಾಟಿ ನೆರೂಳಿಗೆ ಬಂದವರು. ೧೯೭೦ರಲ್ಲಿ ಸಿಡ್ಕೋ ಸಂಸ್ಥೆ ಹುಟ್ಟಿದ್ದೂ ಮುಂಬಯಿಗೆ ಜಾಗ ಸಾಲದೆ ಹೋದ ಕಾರಣಕ್ಕೇ ಅಲ್ಲವೆ? ಈಗ ಅದೇ ನೆರೂಳಿನ ಮನೆಗಳಲ್ಲಿ ಮಕ್ಕಳು ಟೀವಿಯ ಮುಂದೆ ಕುಳಿತು ಮತ್ತೆ ಅದೇ ರಾಗ ತೆಗೆದಿದ್ದಾರೆ: "ಅಪ್ಪಾ, ಜಾಗ ಸಾಲದು!" ಮನೆಯಲ್ಲಿ ಅಲ್ಲ, ಆಟದ ಪೆಟ್ಟಿಗೆಯಲ್ಲಿ.

ಅಪ್ಪನಾದವನು ಮೊದಲು ಬೆಲೆ ವಿಚಾರಿಸುತ್ತಾನೆ. ಬೆಲೆ ಕೇಳಿ ಒಂದು ನಿಟ್ಟುಸಿರು ಬಿಡುತ್ತಾನೆ. ತರುವಾಯ ಆಫೀಸಿನ ಗೆಳೆಯರಲ್ಲಿ ಕೇಳುತ್ತಾನೆ. ಅವರಲ್ಲೊಬ್ಬರು, "ಅದನ್ನು ತರಬೇಡಿ ಸ್ವಾಮಿ, ಬರೆದಷ್ಟೂ ಅದು ಸವೆಯುತ್ತದಂತೆ!" ಎಂದು ಹೆದರಿಸುತ್ತಾರೆ. ಅಲ್ಲಿಗೆ ಮುಗಿಯಿತು. ಅಪ್ಪ ಕೊಡಿಸುವುದೂ ಇಲ್ಲ, ಇಲ್ಲವೆನ್ನುವುದೂ ಇಲ್ಲ. "ಪರೀಕ್ಷೆ ಮುಗಿಯಲಿ ನೋಡೋಣ" ಎಂಬ ಹಳೆಯ ಮಂತ್ರಕ್ಕೆ ಶರಣಾಗುತ್ತಾನೆ. ಈ ಸವೆತವೆಂಬುದು ಏನು, ಅದಕ್ಕೆ ಎಷ್ಟು ಹೆದರಬೇಕು, ನಿಜವಾಗಿ ಹೆದರಬೇಕಾದುದು ಯಾವುದಕ್ಕೆ ಎಂಬುದನ್ನು ಅಂಥ ತಾಯಿತಂದೆಗಳಿಗಾಗಿ ಇಲ್ಲಿ ಬಿಡಿಸಿ ಹೇಳಬಯಸುತ್ತೇವೆ.

ಜಾಗ ಏಕೆ ಸಾಲದು?

೨೦೨೧ರ ಫೆಬ್ರವರಿ ೨ರಂದು ಭಾರತದಲ್ಲಿ ಮಾರಾಟಕ್ಕೆ ಬಂದ ಪ್ಲೇಸ್ಟೇಷನ್ ೫ ಎಂಬ ಆಟದ ಪೆಟ್ಟಿಗೆಯಲ್ಲಿ ೮೨೫ ಗಿಗಾಬೈಟ್ ಜಾಗವಿತ್ತು. ಪೆಟ್ಟಿಗೆಯ ಸ್ವಂತ ವ್ಯವಸ್ಥೆಗೆಂದು ಕಳೆದುಹೋದದ್ದನ್ನು ಬಿಟ್ಟರೆ ಮಕ್ಕಳ ಕೈಗೆ ಸಿಗುವುದು ಸುಮಾರು ೬೬೭. ಜಾಹೀರಾತಿನಲ್ಲಿ ಹೇಳಿದ ಫ್ಲ್ಯಾಟಿನ ಅಳತೆಗೂ ಒಳಗೆ ಹೆಜ್ಜೆಯಿಟ್ಟ ಮೇಲೆ ಕಾಣುವ ಅಳತೆಗೂ ಇರುವ ಅಂತರ ನಮಗೆ ತಿಳಿದದ್ದೇ. ಈಗಿನ ದೊಡ್ಡ ಆಟಗಳಲ್ಲಿ ಕೆಲವು ಒಂದೊಂದೇ ನೂರು ಗಿಗಾಬೈಟಿಗೂ ಮೀರಿ ಬೆಳೆದಿವೆ. ಅಂಥವು ಆರು ಬಂದರೆ ಮನೆ ತುಂಬಿತು. ಅಂಗಡಿಯಿಂದ ಆಟದ ತಟ್ಟೆಯನ್ನೇ ಕೊಂಡು ತಂದರೂ ಪಾರಿಲ್ಲ. ತಟ್ಟೆಯಲ್ಲಿರುವುದೂ ಒಳಗೆ ನಕಲಾದ ಮೇಲೆಯೇ ಆಟ ಶುರು. ಮೊದಲಿಗೆ ೫೧೨ ಗಿಗಾಬೈಟಿನಷ್ಟೇ ಜಾಗದೊಡನೆ ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಇರುವ ಮನೆಗಳಲ್ಲಿ ಇಕ್ಕಟ್ಟು ಇನ್ನೂ ಹೆಚ್ಚು.

ಜಾಗ ತುಂಬಿದಾಗ ಹುಡುಗನೇನು ಮಾಡುತ್ತಾನೆ? ಒಂದನ್ನು ಅಳಿಸಿ ಇನ್ನೊಂದನ್ನು ತರುತ್ತಾನೆ. ಎರಡು ವಾರ ಕಳೆದು ಗೆಳೆಯರು ಹಳೆಯ ಆಟಕ್ಕೆ ಕರೆದರೆ, ಇದನ್ನು ಅಳಿಸಿ ಅದನ್ನು ಮತ್ತೆ ತರುತ್ತಾನೆ. ಸೆಕೆಂಡಿಗೆ ನೂರು ಮೆಗಾಬಿಟ್ ವೇಗದ ಸಂಪರ್ಕವಿರುವ ಮನೆಯಲ್ಲಿಯೂ ನೂರು ಗಿಗಾಬೈಟ್ ಇಳಿಯಲು ಎರಡು ಗಂಟೆಗೂ ಮೀರಿ ಹಿಡಿಯುತ್ತದೆ. ಈ ತಂದು ಅಳಿಸುವ ಕೆಲಸವನ್ನು ವಾಚಕರು ನೆನಪಿನಲ್ಲಿಡಬೇಕು. ಸವೆತದ ಕಥೆ ಇರುವುದೇ ಅದರಲ್ಲಿ.

ಸವೆಯುವುದು ಏನು?

ಹಿಂದಿನ ಪ್ಲೇಸ್ಟೇಷನ್ ೪ರಲ್ಲಿ ಇದ್ದದ್ದು ಹಾರ್ಡ್ ಡಿಸ್ಕ್, ಎಂದರೆ ಗ್ರಾಮಫೋನ್ ತಟ್ಟೆಯಂತೆ ಒಳಗೆ ಗಿರಗಿರನೆ ತಿರುಗುವ ತಟ್ಟೆ. ಈಗಿನದು ಎಸ್.ಎಸ್.ಡಿ. ಇದರಲ್ಲಿ ತಿರುಗುವುದು, ಅಲುಗಾಡುವುದು ಯಾವುದೂ ಇಲ್ಲ. ಇದರ ಜೀವಾಳವಾದ ಫ್ಲ್ಯಾಶ್ ಸ್ಮರಣೆಯನ್ನು ಕಂಡುಹಿಡಿದವರು ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೋ ಮಸುವೋಕಾ. ೧೯೮೪ರಲ್ಲಿ ಅದನ್ನು ವಿದ್ವಾಂಸರ ಮುಂದಿಟ್ಟರು. ಈಗ ನಮ್ಮ ಫೋನು, ಪೆನ್ ಡ್ರೈವುಗಳಲ್ಲೆಲ್ಲ ಇರುವ ನ್ಯಾಂಡ್ ಎಂಬ ಬಗೆಯನ್ನು ೧೯೮೭ರಲ್ಲಿ ಪ್ರಕಟಿಸಿದರು.

ಅದರೊಳಗೆ ಕೋಟ್ಯನುಕೋಟಿ ಸೂಕ್ಷ್ಮ ಕೋಶಗಳಿವೆ. ಒಂದೊಂದು ಕೋಶವೂ ಒಂದು ಪುಟ್ಟ ಕಣಜ. ತೆಳ್ಳನೆಯ ಗೋಡೆಯ ಮೂಲಕ ಎಲೆಕ್ಟ್ರಾನುಗಳನ್ನು ಒಳಗೆ ದೂಡಿ ಕೂಡಿಟ್ಟರೆ ಬರೆದಂತಾಯಿತು. ಹೊರಕ್ಕೆ ಎಳೆದರೆ ಅಳಿಸಿದಂತಾಯಿತು. ವಿದ್ಯುತ್ತು ಹೋದರೂ ಒಳಗೆ ಸಿಕ್ಕಿಕೊಂಡದ್ದು ಅಲ್ಲಿಯೇ ಇರುತ್ತದೆ. ಆದರೆ ಹೀಗೆ ದೂಡಿ ಎಳೆಯುವಾಗಲೆಲ್ಲ ಆ ಗೋಡೆಗೆ ಕಿಂಚಿತ್ತು ಪೆಟ್ಟು ಬೀಳುತ್ತದೆ. ಸಾವಿರಾರು ಸಲ ಆದ ಮೇಲೆ ಗೋಡೆ ಸೋರತೊಡಗುತ್ತದೆ. ಸವೆತವೆಂದರೆ ಇಷ್ಟೆ.

ನಮ್ಮಲ್ಲಿ ಹಿರಿಯರು ಕಲಿತದ್ದು ಸ್ಲೇಟಿನ ಮೇಲೆ. ಬಳಪದಿಂದ ಬರೆದು, ಒದ್ದೆ ಬಟ್ಟೆಯಿಂದ (ಮೇಷ್ಟ್ರು ಅತ್ತ ತಿರುಗಿದ್ದರೆ ಉಗುಳಿನಿಂದ) ಒರೆಸಿ ಮತ್ತೆ ಬರೆಯುತ್ತಿದ್ದೆವು. ಸ್ಲೇಟು ಸವೆಯುತ್ತಿದ್ದುದು ಬರೆದು ಒರೆಸುವುದರಿಂದ, ಓದುವುದರಿಂದ ಅಲ್ಲ. ಮಗ್ಗಿಯನ್ನು ನೂರು ಸಲ ಓದಿದರೂ ಸ್ಲೇಟಿಗೆ ಏನೂ ಆಗುತ್ತಿರಲಿಲ್ಲ. ಎಸ್.ಎಸ್.ಡಿ.ಯೂ ಹಾಗೆಯೇ. ಹುಡುಗ ಆಟವಾಡುವಾಗ ಪೆಟ್ಟಿಗೆ ಬಹುಪಾಲು ಮಾಡುವ ಕೆಲಸ ಓದುವುದು. ಬರೆಯುವ ದೊಡ್ಡ ಕೆಲಸ ಬೀಳುವುದು ಹೊಸ ಆಟವನ್ನು ತಂದು ಇಳಿಸುವಾಗ.

ಒಂದು ಕೋಶ ಎಷ್ಟು ಸಲ ಬರೆದು ಒರೆಸುವುದನ್ನು ತಾಳುತ್ತದೆ ಎಂಬುದು ಅದರಲ್ಲಿ ಎಷ್ಟು ತುರುಕಿದ್ದಾರೆ ಎಂಬುದನ್ನು ಹೊಂದಿಕೊಂಡಿದೆ. ಕೋಶಕ್ಕೆ ಒಂದೇ ಬಿಟ್ ಇಟ್ಟ ಹಳೆಯ ದುಬಾರಿ ಬಗೆ ಸುಮಾರು ಒಂದು ಲಕ್ಷ ಸಲ ತಾಳುತ್ತಿತ್ತು. ಈಗ ಮನೆಬಳಕೆಗೆ ಸಾಮಾನ್ಯವಾದ, ಕೋಶಕ್ಕೆ ಮೂರು ಬಿಟ್ ಇಡುವ ಬಗೆ ಒಂದರಿಂದ ಮೂರು ಸಾವಿರ ಸಲ. ನಾಲ್ಕು ಬಿಟ್ ಇಡುವುದು ಅದಕ್ಕೂ ಕಡಿಮೆ. ಒಂದು ಲಕ್ಷದಿಂದ ಸಾವಿರಕ್ಕೆ ಇಳಿಯಿತೆಂದರೆ ಯಾರಿಗಾದರೂ ಗಾಬರಿಯಾಗುವುದು ಸಹಜ. ಆಫೀಸಿನ ಗೆಳೆಯರು ಹೆದರಿಸಿದ್ದು ಇದನ್ನೇ ಎಲ್ಲಿಯೋ ಕೇಳಿ.

ಆದರೆ ಇದಕ್ಕೊಂದು ಉಪಾಯವನ್ನೂ ಮಾಡಿಟ್ಟಿದ್ದಾರೆ. ಹೊಟೇಲಿನಲ್ಲಿ ತಟ್ಟೆಗಳನ್ನು ತೊಳೆದು ಒಂದರ ಮೇಲೊಂದು ಪೇರಿಸುತ್ತಾರೆ. ಮೇಲಿನ ಹತ್ತು ತಟ್ಟೆಗಳೇ ದಿನವೂ ಗಿರಾಕಿಯ ಮುಂದೆ ಹೋಗಿ ಬೇಗ ಸವೆಯುತ್ತವೆ. ಅಡಿಯವು ಹೊಸದಾಗಿಯೇ ಉಳಿಯುತ್ತವೆ. ಜಾಣನಾದ ಮಾಣಿ ಅಡಿಯದನ್ನು ಮೇಲಕ್ಕೆ, ಮೇಲಿನದನ್ನು ಅಡಿಗೆ ಮಾಡುತ್ತಿರುತ್ತಾನೆ. ಎಸ್.ಎಸ್.ಡಿ.ಯೊಳಗೂ ಅಂಥದೊಬ್ಬ ಮಾಣಿ ಇದ್ದಾನೆ. ಅವನಿಗೆ ಕಂಟ್ರೋಲರ್ ಎಂದು ಹೆಸರು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರೆಯದೆ, ಎಲ್ಲ ಕೋಶಗಳಿಗೂ ಸರದಿ ಹಂಚುವುದು ಅವನ ಕೆಲಸ. ಅವನಿಗೂ ಒಂದಿಷ್ಟು ಖಾಲಿ ಜಾಗ ಬೇಕು. ಈ ಸ್ಲೇಟಿನಲ್ಲಿ ಒಂದು ಅಕ್ಷರವನ್ನು ಮಾತ್ರ ಒರೆಸಲು ಬರುವುದಿಲ್ಲ. ಉಳಿದುದನ್ನು ಬೇರೆಡೆ ನಕಲು ಮಾಡಿ ಇಡೀ ಸ್ಲೇಟನ್ನೇ ಒರೆಸಬೇಕು. ಪೆಟ್ಟಿಗೆ ಕಂಠಪೂರ್ತಿ ತುಂಬಿದ್ದರೆ ಈ ನಕಲಿನ ಕೆಲಸ ಹೆಚ್ಚಿ ಸವೆತವೂ ಹೆಚ್ಚುತ್ತದೆ.

ಒಂದು ಮನೆಯ ಲೆಕ್ಕ

ಇನ್ನು ಲೆಕ್ಕಕ್ಕೆ ಬರೋಣ. ತಯಾರಕರು ತಮ್ಮ ಡ್ರೈವಿಗೆ ಒಟ್ಟು ಎಷ್ಟು ಬರೆಯಬಹುದೆಂದು ಮಾತು ಕೊಟ್ಟಿರುತ್ತಾರೆ. ಒಂದು ಟೆರಾಬೈಟಿನ ಸ್ಯಾಮ್ಸಂಗ್ ೯೯೦ ಪ್ರೋ, ಡಬ್ಲ್ಯು.ಡಿ. ಬ್ಲ್ಯಾಕ್ ಎಸ್‌ಎನ್ ೮೫೦ಎಕ್ಸ್ ಮೊದಲಾದವಕ್ಕೆ ಆ ಮಾತು ೬೦೦ ಟೆರಾಬೈಟ್ ಅಥವಾ ಐದು ವರ್ಷ, ಯಾವುದು ಮೊದಲೋ ಅದು. ೬೦೦ ಟೆರಾಬೈಟ್ ಎಂದರೆ ನೂರು ಗಿಗಾಬೈಟಿನ ಆಟವನ್ನು ಆರು ಸಾವಿರ ಸಲ ತಂದಿಳಿಸಿದಂತೆ. ದಿನಕ್ಕೊಂದರಂತೆ ತಪ್ಪದೆ ಇಳಿಸಿದರೂ ಹದಿನಾರು ವರ್ಷ ಬೇಕು! ವಾರಕ್ಕೊಂದರಂತೆ ಇಳಿಸುವ ಹುಡುಗ ವರ್ಷಕ್ಕೆ ಬರೆಯುವುದು ೫.೨ ಟೆರಾಬೈಟ್; ಆ ಲೆಕ್ಕದಲ್ಲಿ ೧೧೫ ವರ್ಷ. ಆಟಗಳ ತಿದ್ದುಪಡಿ, ಚಿತ್ರೀಕರಣ ಎಲ್ಲವನ್ನೂ ಸೇರಿಸಿ ಬರಹವನ್ನು ಎರಡು ಪಾಲು ಮಾಡಿದರೂ ೫೭ ವರ್ಷ. ಅಷ್ಟು ಹೊತ್ತಿಗೆ ಹುಡುಗ ಅಜ್ಜನಾಗಿರುತ್ತಾನೆ. ಡ್ರೈವು ಬೇರೆ ಕಾರಣದಿಂದ ಅದಕ್ಕೆ ಮೊದಲೇ ಕೆಡಬಹುದು, ನಿಜ. ಆದರೆ ಬರೆದು ಸವೆದು ಸಾಯುವ ಸಂಭವ ಮನೆಯಲ್ಲಿ ತೀರ ಕಡಿಮೆ.

ಹಾಗಾದರೆ ಸವೆತವೆಂಬುದು ಬರಿಯ ಸುಳ್ಳೆ? ಅಲ್ಲ. ಟೆಸ್ಲಾ ಸಂಸ್ಥೆಯ ಕೆಲವು ಹಳೆಯ ಕಾರುಗಳ ಮುಂಭಾಗದ ಪರದೆಗೆ ೮ ಗಿಗಾಬೈಟಿನ ಒಂದು ಸಣ್ಣ ಫ್ಲ್ಯಾಶ್ ಚಿಪ್ಪನ್ನು ಕೊಟ್ಟಿದ್ದರು. ಕಾರು ತನ್ನ ದಿನಚರಿಯನ್ನೆಲ್ಲ ಎಡೆಬಿಡದೆ ಅದರಲ್ಲಿ ಬರೆಯುತ್ತ ಹೋಗಿ ಐದಾರು ವರ್ಷಗಳಲ್ಲಿ ಚಿಪ್ಪು ಸವೆದು ಪರದೆ ಕುರುಡಾಯಿತು. ೨೦೨೧ರಲ್ಲಿ ಅಮೆರಿಕದಲ್ಲಿ ಸುಮಾರು ೧ ಲಕ್ಷ ೩೫ ಸಾವಿರ ಕಾರುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಬೇಕಾಯಿತು. ಸವೆತ ಕಾಡುವುದು ಜಾಗ ಚಿಕ್ಕದಿದ್ದು ಬರಹ ಅತಿಯಾದಾಗ. ನಮ್ಮ ನೆರೆಯ ಮಹಾಪೆ, ಐರೋಲಿ, ಪನ್ವೇಲ್ ಕಡೆ ಎದ್ದಿರುವ ಡೇಟಾ ಸೆಂಟರುಗಳಲ್ಲಿ ಡ್ರೈವುಗಳು ಹಗಲಿರುಳು ಬರೆಯುತ್ತಿರುತ್ತವೆ. ಅಲ್ಲಿನ ಎಂಜಿನಿಯರಿಗೆ ಸವೆತದ ಲೆಕ್ಕ ನಿತ್ಯದ ಲೆಕ್ಕ. ಮನೆಯ ಹುಡುಗನಿಗೆ ಅಲ್ಲ.

ಇಲ್ಲಿಯೇ ಸೋಜಿಗವಿರುವುದು. ಸವೆಯುತ್ತದೆಂದು ಹೆದರಿ ಹೊಸ ಡ್ರೈವ್ ಕೊಡಿಸದಿದ್ದರೆ, ಸವೆಯುವುದು ಒಳಗಿರುವ ಹಳೆಯದು! ಜಾಗವಿಲ್ಲದೆ ಹುಡುಗ ಅಳಿಸಿ ತರುವ ಕೆಲಸವೆಲ್ಲ ಅದರ ಮೇಲೆಯೇ ಬೀಳುತ್ತದೆ. ಪ್ಲೇಸ್ಟೇಷನ್ ೫ರಲ್ಲಿ ಮೂಲದ ಚಿಪ್ಪುಗಳನ್ನು ತಾಯಿಹಲಗೆಗೆ ಬೆಸುಗೆ ಹಾಕಿಬಿಟ್ಟಿದ್ದಾರೆ, ಮನೆಯಲ್ಲಿ ಬದಲಿಸುವಂತಿಲ್ಲ. ಸೇರಿಸಿದ ಡ್ರೈವ್ ಕೆಟ್ಟರೆ ತೆಗೆದು ಬೇರೊಂದು ಹಾಕಬಹುದು. ಆದುದರಿಂದ ಹೊಸ ಡ್ರೈವ್ ಹಾಕಿದ ಮೇಲೆ, ಆಟಗಳು ಇನ್ನು ಮುಂದೆ ಅದರಲ್ಲಿಯೇ ಇಳಿಯುವಂತೆ ಸೆಟ್ಟಿಂಗ್ಸಿನಲ್ಲಿ ಗೊತ್ತುಮಾಡುವುದು ಒಳ್ಳೆಯದು.

ಕೊಳ್ಳುವಾಗ, ಹಾಕುವಾಗ

ಲ್ಯಾಮಿಂಗ್ಟನ್ ರೋಡಿಗೆ ಹೋಗುವ ಮುಂಚೆ ನಾಲ್ಕು ವಿಷಯ ತಿಳಿದಿರಲಿ. ಪ್ಲೇಸ್ಟೇಷನ್ ೫ಕ್ಕೆ ಬೇಕಾದುದು ನಾಲ್ಕನೆಯ ಪೀಳಿಗೆಯ ಎಂ.೨ ಎನ್.ವಿ.ಎಂ.ಇ. ಡ್ರೈವ್, ಸೆಕೆಂಡಿಗೆ ೫,೫೦೦ ಮೆಗಾಬೈಟ್ ಓದುವ ವೇಗವಿರಲೆಂದು ಸೋನಿ ಸಂಸ್ಥೆಯವರೇ ಹೇಳುತ್ತಾರೆ. ಅದರ ಬೆನ್ನಿಗೆ ಶಾಖ ಹೀರುವ ಲೋಹದ ಪಟ್ಟಿ ಇರಲೇಬೇಕು. ಪಟ್ಟಿಯೂ ಸೇರಿ ದಪ್ಪ ೧೧.೨೫ ಮಿಲಿಮೀಟರನ್ನು ಮೀರಬಾರದು. ಎಕ್ಸ್‌ಬಾಕ್ಸ್ ಸೀರೀಸ್ ಪೆಟ್ಟಿಗೆಗಳಿಗೆ ಇದು ಆಗದು. ಅವಕ್ಕೆಂದೇ ಬೇರೆ ಕಾರ್ಡುಗಳಿವೆ. ಹಳೆಯ ಪ್ಲೇಸ್ಟೇಷನ್ ೪ ಇದ್ದವರು ಅದರ ಹಾರ್ಡ್ ಡಿಸ್ಕ್ ತೆಗೆದು ಎರಡೂವರೆ ಇಂಚಿನ ಸಾಟಾ ಎಸ್.ಎಸ್.ಡಿ. ಹಾಕಿದರೆ ಆಟಗಳು ಮೊದಲಿಗಿಂತ ಬೇಗ ತೆರೆದುಕೊಳ್ಳುತ್ತವೆ.

ಖರ್ಚು ಹೆಚ್ಚೆನಿಸಿದರೆ ಯು.ಎಸ್.ಬಿ.ಗೆ ಸಿಗಿಸುವ ಸಾದಾ ಹಾರ್ಡ್ ಡಿಸ್ಕ್ ಉಂಟು. ಪ್ಲೇಸ್ಟೇಷನ್ ೫ರ ಆಟಗಳನ್ನು ಅದರಿಂದಲೇ ಆಡಲಾಗದು. ಆದರೆ ಅಟ್ಟದ ಮೇಲೆ ಪಾತ್ರೆ ಇಟ್ಟಂತೆ ಇಟ್ಟುಕೊಂಡು, ಬೇಕಾದಾಗ ಒಳಕ್ಕೆ ಇಳಿಸಿಕೊಳ್ಳಬಹುದು. ಇಂಟರ್ನೆಟ್ಟಿನಿಂದ ಮತ್ತೆ ತರಿಸುವುದು ತಪ್ಪುತ್ತದೆ. ಪ್ಲೇಸ್ಟೇಷನ್ ೪ರ ಆಟಗಳನ್ನಾದರೋ ಅಲ್ಲಿಂದಲೇ ಆಡಬಹುದು.

ಹಾಕುವ ಕೆಲಸ ಕಷ್ಟದ್ದಲ್ಲ. ಪೆಟ್ಟಿಗೆಯ ತಂತ್ರಾಂಶವನ್ನು ಮೊದಲೇ ಹೊಸದಾಗಿಸಿ, ವಿದ್ಯುತ್ತಿನ ತಂತಿ ಕಿತ್ತು, ಆರಲು ಬಿಟ್ಟು, ಮೇಲಿನ ಮುಚ್ಚಳ ಸರಿಸಿದರೆ ಒಂದು ತಿರುಪಿನ ಕೆಳಗೆ ಅದಕ್ಕೆಂದೇ ಗೂಡಿದೆ. ಹೊಸ ಡ್ರೈವಿನಲ್ಲಿ ಏನಾದರೂ ಇದ್ದರೆ ಮೊದಲ ಸಲ ಹಚ್ಚಿದಾಗ ಎಲ್ಲವೂ ಅಳಿಸಿಹೋಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಅತಿ ಅಗ್ಗದ ಬೆಲೆ ಕಂಡರೆ ಎಚ್ಚರ. ಎರಡು ಟೆರಾಬೈಟ್ ಎಂದು ಬರೆದುಕೊಂಡು ಒಳಗೆ ಅದರ ಅಲ್ಪ ಪಾಲೂ ಇಲ್ಲದ ನಕಲಿ ಸರಕು ಪೇಟೆಯಲ್ಲಿ ಓಡಾಡುತ್ತಿದೆ. ರಶೀತಿ, ಗ್ಯಾರಂಟಿ ಎರಡೂ ಇರಲಿ. ಇನ್ನು ನೆರೂಳಿನ ಸೆಕೆ, ಖಾಡಿಯ ಉಪ್ಪುಗಾಳಿ, ಮಳೆಗಾಲದ ತೇವ ಇವುಗಳ ನಡುವೆ ಪೆಟ್ಟಿಗೆಯನ್ನು ಗಾಜಿನ ಶೋಕೇಸಿನಲ್ಲಿ ಪ್ರಶಸ್ತಿ ಫಲಕಗಳ ಜೊತೆಗೆ ಬೀಗ ಹಾಕಿ ಇಡುವವರಿದ್ದಾರೆ. ಅದಕ್ಕೆ ಉಸಿರಾಡಲು ಜಾಗ ಕೊಡಿ. ಧೂಳು, ಶಾಖಗಳು ಸವೆತಕ್ಕಿಂತ ಹತ್ತಿರದ ಶತ್ರುಗಳು.

ನಿಜವಾಗಿ ಹೋಗುವುದು

ನಮ್ಮ ಪರಿಚಯದ ಮನೆಯೊಂದರಲ್ಲಿ ನಡೆದುದನ್ನು ಹೇಳಿ ಮುಗಿಸುತ್ತೇವೆ. ಊರಿನಿಂದ ಅಜ್ಜ ಬಂದು ಒಂದು ಮಳೆಗಾಲ ಇಲ್ಲಿದ್ದರು. ಹೊರಗೆ ಹೋಗಲಾಗದೆ ಮೊಮ್ಮಗನೊಡನೆ ಕುಳಿತು ಕ್ರಿಕೆಟ್ ಆಟ ಕಲಿತರು. ಮೊಮ್ಮಗ ಅವರ ಹೆಸರಿನಲ್ಲೇ ಒಬ್ಬ ಬ್ಯಾಟುಗಾರನನ್ನು ಸೃಷ್ಟಿಸಿದ. ಆ ಬ್ಯಾಟುಗಾರ ಶತಕ ಹೊಡೆದ ದಿನ ಮನೆಯಲ್ಲಿ ಪಾಯಸವಾಯಿತಂತೆ. ಮರುವರ್ಷ ಅಜ್ಜ ತೀರಿಕೊಂಡರು. ಕೆಲವು ತಿಂಗಳ ಮೇಲೆ ಪೆಟ್ಟಿಗೆ ಏನೋ ತೊಂದರೆ ಕೊಟ್ಟಿತು. ದುರಸ್ತಿಗೆ ಹೋಗಿ ಹೊಸದರಂತೆ ಮರಳಿತು. ಎಲ್ಲ ಆಟಗಳೂ ಮತ್ತೆ ಬಂದವು. ಅಜ್ಜನ ಹೆಸರಿನ ಬ್ಯಾಟುಗಾರ ಬರಲಿಲ್ಲ. "ಅಮ್ಮಾ, ಅಜ್ಜ ಇಲ್ಲ" ಎಂದನಂತೆ ಹುಡುಗ. ಅಮ್ಮನಿಗೆ ಅವನು ಯಾವ ಅಜ್ಜನ ಮಾತಾಡುತ್ತಿದ್ದಾನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

ಅಲ್ಲಿ ಸವೆದದ್ದು ಏನೂ ಇರಲಿಲ್ಲ. ಒಂದು ಪ್ರತಿ ತೆಗೆದಿಡುವುದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ. ಪ್ಲೇಸ್ಟೇಷನ್ ೫ರ ಆಟಗಳಲ್ಲಿ ಉಳಿಸಿದ್ದನ್ನು ಬಿಡಿಯಾಗಿ ಪೆನ್ ಡ್ರೈವಿಗೆ ನಕಲು ಮಾಡಲು ಬರುವುದಿಲ್ಲ. ಒಂದೋ ಪ್ಲೇಸ್ಟೇಷನ್ ಪ್ಲಸ್ ಚಂದಾದಾರರಾಗಿ ದೂರದ ಸಂಗ್ರಹದಲ್ಲಿ ಇಡಬೇಕು, ಇಲ್ಲವೆ ಯು.ಎಸ್.ಬಿ. ಡ್ರೈವ್ ಸಿಗಿಸಿ ಇಡೀ ಪೆಟ್ಟಿಗೆಯ ಪ್ರತಿಯನ್ನು ತೆಗೆಯಬೇಕು. ದುರಸ್ತಿಗೆ ಕೊಡುವ ಮುನ್ನವಂತೂ ಇದನ್ನು ತಪ್ಪಿಸಲೇಬಾರದು.

ಇದೇ ಮಾತು ಮನೆಯ ಚಿತ್ರಗಳಿಗೂ ಸಲ್ಲುತ್ತದೆ. ಊರಿನ ಮದುವೆ, ಭೂತಕೋಲ, ಅಜ್ಜಿಯ ದನಿ ಇವನ್ನೆಲ್ಲ ಒಂದೇ ಪೆನ್ ಡ್ರೈವಿನಲ್ಲಿ ತುಂಬಿ, ಸವೆಯದಿರಲೆಂದು ಕಪಾಟಿನಲ್ಲಿ ಬೀಗ ಹಾಕಿಟ್ಟವರಿದ್ದಾರೆ. ಕಣಜದ ಗೋಡೆಯಿಂದ ಎಲೆಕ್ಟ್ರಾನುಗಳು ವರ್ಷಗಳಲ್ಲಿ ಮೆಲ್ಲನೆ ಸೋರುತ್ತವೆ, ಶಾಖವಿದ್ದಷ್ಟೂ ಬೇಗ. ಆಯುಷ್ಯದ ಬರಹವನ್ನೆಲ್ಲ ಮುಗಿಸಿದ ಮನೆಬಳಕೆಯ ಎಸ್.ಎಸ್.ಡಿ. ೩೦ ಡಿಗ್ರಿ ಉಷ್ಣದಲ್ಲಿ, ವಿದ್ಯುತ್ತಿಲ್ಲದೆ ಒಂದು ವರ್ಷ ನೆನಪಿಟ್ಟರೆ ಸಾಕೆಂಬುದು ಉದ್ಯಮದವರು ಮಾಡಿಕೊಂಡ ನಿಯಮ. ಹೊಸದು ಅದಕ್ಕಿಂತ ಬಹುಕಾಲ ಬಾಳುತ್ತದೆ, ಆದರೂ ಶಾಶ್ವತವಲ್ಲ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ರೇಷ್ಮೆ ಸೀರೆ ಉಡದೆಯೇ ಮಡಿಕೆಯಲ್ಲಿ ಹರಿದಂತೆ ಇದೂ. ಆಗಾಗ ತೆಗೆದು ನೋಡಿ. ಎರಡು ಕಡೆ ಪ್ರತಿ ಇಡಿ. ಒಂದು ಊರಿನ ಮನೆಯಲ್ಲಿದ್ದರೆ ಮತ್ತೂ ಲೇಸು.

ಆದುದರಿಂದ, ಕೈಯಲ್ಲಿ ಹಣವಿದ್ದು ಹುಡುಗ ಪರೀಕ್ಷೆಯಲ್ಲಿ ಮಾತು ಉಳಿಸಿಕೊಂಡಿದ್ದರೆ ಡ್ರೈವ್ ಕೊಡಿಸಿ. ಸವೆತದ ನೆಪ ಹೇಳಬೇಡಿ. ಅವನಿಗೆ ಲೆಕ್ಕ ಗೊತ್ತು. ಕೊಡಿಸಿದ ಸಂಜೆ ನೀವೂ ಹತ್ತಿರ ಕುಳಿತು ಒಂದು ಆಟ ಆಡಿ. ಆ ಆಟದ ಒಂದು ಪ್ರತಿಯನ್ನು ಮಾತ್ರ ಮರೆಯದೆ ತೆಗೆದಿಡಿ.