ವಿದೇಶಕ್ಕೆ ಹೊರಟವರ ನಾಯಿ, ಬೆಕ್ಕಿಗೆ ಆಸರೆ ಯಾರು?

ಪ್ರಶ್ನೆ: ಮಗಳ ಜೊತೆ ಇರಲು ಜರ್ಮನಿಗೆ ಹೊರಟಿದ್ದೇವೆ. ಮನೆಯ ನಾಯಿ, ಬೆಕ್ಕನ್ನು ಯಾವುದಾದರೂ ತೋಟದ ಹತ್ತಿರ ಬಿಟ್ಟರೆ ಬದುಕಿಕೊಳ್ಳುತ್ತವೆಯೇ?
– ಓದುಗರು, ಭದ್ರಾವತಿ

ಉತ್ತರ: ದಯವಿಟ್ಟು ಹಾಗೆ ಬಿಡಬೇಡಿ. ಮನೆಯ ಅನ್ನ ತಿಂದು ಬೆಳೆದ ನಾಯಿಯನ್ನು ಬೀದಿನಾಯಿಗಳು ಸುಲಭಕ್ಕೆ ಹತ್ತಿರ ಸೇರಿಸುವುದಿಲ್ಲ. ಹಸಿವು, ಬಾಯಾರಿಕೆಯಿಂದ ನರಳುವಂತೆ ಸಾಕುಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು.

ಜೊತೆಗೆ ಕರೆದೊಯ್ಯಲು ಸಾಧ್ಯವೇ ಎಂದು ಮೊದಲು ನೋಡಿ. ಜರ್ಮನಿಗೆ ಹೋಗುವ ನಾಯಿ, ಬೆಕ್ಕಿಗೆ ಮೈಕ್ರೋಚಿಪ್ ಹಾಕಿಸಿ, ಬಳಿಕ ರೇಬಿಸ್ ಲಸಿಕೆ ಕೊಡಿಸಬೇಕು. ಕನಿಷ್ಠ 30 ದಿನ ಬಿಟ್ಟು ರಕ್ತಪರೀಕ್ಷೆ. ಫಲಿತಾಂಶ ಸರಿಯಿದ್ದರೆ, ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು. ಹಾಗಾಗಿ ವೀಸಾ ಓಡಾಟದ ಜೊತೆಗೇ ಇದನ್ನೂ ಶುರುಮಾಡಿ.

ಆಗದಿದ್ದರೆ ಹೊಸ ಮನೆ ಹುಡುಕಿ. ಅವುಗಳಿಗೆ ಪರಿಚಯವಿರುವ ನೆಂಟರು, ನೆರೆಹೊರೆಯವರನ್ನೇ ಮೊದಲು ಕೇಳಿ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲೋ ಹತ್ತಿರದ ಪಶು ಆಸ್ಪತ್ರೆಯಲ್ಲೋ ತಪಾಸಣೆ ಮಾಡಿಸಿ, ಲಸಿಕೆಯ ದಾಖಲೆ ಸಿದ್ಧವಿಡಿ. ಸಂತಾನಹರಣ ಚಿಕಿತ್ಸೆ ಆಗಿದ್ದರೆ ಸಾಕುವವರಿಗೆ ಅರ್ಧ ಚಿಂತೆ ಕಳೆಯುತ್ತದೆ.

ಹೊರಡುವ ಹಿಂದಿನ ದಿನ ಒಪ್ಪಿಸಬೇಡಿ. ಒಂದು ತಿಂಗಳು ಮೊದಲೇ ಬಿಟ್ಟು, ಹೇಗೆ ಹೊಂದಿಕೊಳ್ಳುತ್ತಿದೆ ಎಂದು ವಿಚಾರಿಸುತ್ತಿರಿ. ನಾಯಿ ಮಲಗುವ ಹಳೇ ಕಂಬಳಿಯನ್ನು ಒಗೆಯದೆ ಕಳಿಸಿ; ಮನೆಯ ವಾಸನೆ ಅದಕ್ಕೆ ಧೈರ್ಯ ಕೊಡುತ್ತದೆ. ಬೆಕ್ಕನ್ನು ಎರಡು–ಮೂರು ವಾರ ಹೊಸ ಮನೆಯೊಳಗೇ ಇಡಲು ಹೇಳಿ. ಇಲ್ಲದಿದ್ದರೆ ಹಳೇ ಮನೆ ಹುಡುಕಿಕೊಂಡು ಹೊರಟು ದಾರಿ ತಪ್ಪೀತು.

ಊಟದ ಹೊತ್ತು, ಔಷಧಿ, ಪಟಾಕಿ ಸದ್ದಿನ ಭಯ ಎಲ್ಲವನ್ನೂ ಬರೆದುಕೊಡಿ. ಹೊಂದಿಕೆಯಾಗದಿದ್ದರೆ ಮತ್ತೆ ಜವಾಬ್ದಾರಿ ಹೊರಬಲ್ಲ, ಊರಲ್ಲೇ ಇರುವ ಒಬ್ಬರ ಫೋನ್ ನಂಬರನ್ನೂ ಕೊಟ್ಟೇ ಹೊರಡಿ.